ಬಾನೆಟ್ ಮೇಲಿನ ಹೆಸರು, ಬಾನೆಟ್ ಕೆಳಗಿನ ಎಂಜಿನ್

ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಎರಡು ಕಾರು ಅಕ್ಕಪಕ್ಕ ನಿಲ್ಲುತ್ತವೆ. ಒಂದು ಮಾರುತಿ ಬಲೆನೋ, ಇನ್ನೊಂದು ಟೊಯೊಟಾ ಗ್ಲಾಂಜಾ. ಗ್ಲಾಂಜಾದವರು ಬ್ಯಾಂಕಿನಿಂದ ರಿಟೈರ್ ಆದವರು. ಕಾರಿನ ಮಾತು ಬಂದರೆ ಸಾಕು, "ಸ್ವಲ್ಪ ದುಡ್ಡು ಜಾಸ್ತಿ ಹೋದ್ರೂ ಪರವಾಗಿಲ್ಲ ಸಾರ್, ಟೊಯೊಟಾ ಅಂದ್ರೆ ಟೊಯೊಟಾನೇ" ಅನ್ನುತ್ತಾರೆ. ಬಲೆನೋ ಇಟ್ಟುಕೊಂಡಿರುವ ಹುಡುಗ ಸುಮ್ನೆ ನಗುತ್ತಾನೆ. ಅವನಿಗೆ ವಿಷಯ ಗೊತ್ತು. ಹಿರಿಯರಿಗೂ ಗೊತ್ತಿರಬಹುದು, ಒಪ್ಪಿಕೊಳ್ಳಲು ಮನಸ್ಸಿಲ್ಲ ಅಷ್ಟೇ.

ಎರಡೂ ಒಂದೇ ಕಾರು. 2019ರ ಜೂನ್‌ನಲ್ಲಿ ಗ್ಲಾಂಜಾ ಮಾರುಕಟ್ಟೆಗೆ ಬಂತು. ಸುಜುಕಿಯವರು ತಯಾರಿಸಿದ ಬಲೆನೋಗೆ ಗ್ರಿಲ್ ಬದಲಾಯಿಸಿ, ಲೋಗೋ ಹಾಕಿ ಟೊಯೊಟಾ ಷೋರೂಮಿಗೆ ಕಳಿಸಿದರು. ಎಂಜಿನ್, ಗೇರ್‌ಬಾಕ್ಸ್, ಬಾಗಿಲು, ಸ್ವಿಚ್ಚು ಎಲ್ಲ ಅದೇ. ಹಾಗಾದರೆ ಹಿರಿಯರು ಮೋಸ ಹೋದರಾ? ಪೂರ್ತಿ ಹಾಗೂ ಹೇಳಲಾಗದು. ಆಗ ಮಾರುತಿ ಬಲೆನೋಗೆ ಕೊಡುತ್ತಿದ್ದ ವಾರಂಟಿ 2 ವರ್ಷ ಅಥವಾ 40,000 ಕಿಲೋಮೀಟರ್. ಅದೇ ಕಾರಿಗೆ ಟೊಯೊಟಾ ಕೊಟ್ಟಿದ್ದು 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್. ತಯಾರು ಮಾಡಿದವರಿಗಿಂತ ಹೆಸರು ಹಾಕಿ ಮಾರಿದವರಿಗೇ ಆ ಕಾರಿನ ಮೇಲೆ ನಂಬಿಕೆ ಜಾಸ್ತಿ! ಮಾರುತಿಯವರು 2024ರ ಜುಲೈನಲ್ಲಿ ತಮ್ಮ ವಾರಂಟಿಯನ್ನೂ 3 ವರ್ಷ, 1 ಲಕ್ಷಕ್ಕೆ ಏರಿಸಿದರು. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು.

ಇದರ ಉಲ್ಟಾ ಕಥೆಯೂ ಇದೆ, ಅದು ನಮ್ಮ ಊರ ಪಕ್ಕದ್ದೇ. ಮೈಸೂರು ರಸ್ತೆಯಲ್ಲಿ ಹೋಗುವಾಗ ತಟ್ಟೆ ಇಡ್ಲಿಗೆ ನಿಲ್ಲುತ್ತೇವಲ್ಲ, ಆ ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ ಇದೆ. 2022ರಲ್ಲಿ ಬಂದ ಮಾರುತಿ ಗ್ರ್ಯಾಂಡ್ ವಿಟಾರಾ ತಯಾರಾಗಿದ್ದು ಅಲ್ಲಿ. ಅದರ ಜೊತೆಗೇ ಟೊಯೊಟಾ ಹೈರೈಡರ್ ಕೂಡ. ಕಾರಿನ ಅಡಿಪಾಯ ಸುಜುಕಿಯದು, ಪೆಟ್ರೋಲ್ ಜೊತೆ ಬ್ಯಾಟರಿ ಮೋಟರೂ ಇರುವ ಸ್ಟ್ರಾಂಗ್ ಹೈಬ್ರಿಡ್ ಎಂಜಿನ್ ಟೊಯೊಟಾದ್ದು, ಬೋಲ್ಟ್ ಬಿಗಿದ ಕೈಗಳು ಬಿಡದಿಯವು. ಒಂದೇ ಗೇಟಿನಿಂದ ಎರಡು ಹೆಸರಿನಲ್ಲಿ ಹೊರಗೆ ಬರುತ್ತವೆ. ಒಂದನ್ನು ನೋಡಿ ಜನ "ಮಾರುತಿ ಅಲ್ವಾ, ತಗಡು" ಅನ್ನುತ್ತಾರೆ. ಇನ್ನೊಂದನ್ನು ನೋಡಿ "ಟೊಯೊಟಾ, ಕಣ್ಣು ಮುಚ್ಚಿ ತಗೊಳ್ಳಿ" ಅನ್ನುತ್ತಾರೆ. 2023ರಲ್ಲಿ ಇದೇ ಬಿಡದಿಯ ಇನ್ನೋವಾ ಹೈಕ್ರಾಸ್‌ಗೆ ಮಾರುತಿ ಲೋಗೋ ಹಾಕಿ ಇನ್ವಿಕ್ಟೋ ಅಂತ ಮಾರಿದರು. ಮಾರಾಟ ಹೈಕ್ರಾಸ್‌ನ ಹತ್ತಿರಕ್ಕೂ ಬರಲಿಲ್ಲ. ಇನ್ವಿಕ್ಟೋದಲ್ಲಿ ಹೈಬ್ರಿಡ್ ಒಂದೇ ಇತ್ತು, ಹೈಕ್ರಾಸ್‌ನಲ್ಲಿ ಕಡಿಮೆ ಬೆಲೆಯ ಪೆಟ್ರೋಲ್ ಮಾದರಿಯೂ ಇತ್ತು. ಆದರೂ ಅಷ್ಟು ದೊಡ್ಡ ಅಂತರಕ್ಕೆ ಅದೊಂದೇ ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಅಷ್ಟು ದುಡ್ಡು ಕೊಟ್ಟು ಯಾರಾದರೂ ಮಾರುತಿ ತಗೊಳ್ತಾರಾ ಅನ್ನುವ ಮಾತನ್ನು ನಾನೇ ಮದುವೆ ಮನೆಯ ಊಟದ ಸಾಲಿನಲ್ಲಿ ಕೇಳಿದ್ದೇನೆ.

ಇಂಥದ್ದು ಅಮೆರಿಕದಲ್ಲಿ ನಮಗಿಂತ ಮೊದಲೇ ನಡೆದಿತ್ತು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್ ಮತ್ತು ಟೊಯೊಟಾ 1984ರಲ್ಲಿ ಜಂಟಿಯಾಗಿ ಒಂದು ಕಾರ್ಖಾನೆ ಶುರು ಮಾಡಿದವು. ಅಲ್ಲಿಂದ ಟೊಯೊಟಾ ಕೊರೊಲಾ ಬರುತ್ತಿತ್ತು. ಅದರದ್ದೇ ಅವಳಿ ಕಾರು ಪ್ರಿಜ್ಮ್ ಅನ್ನುವ ಹೆಸರಿನಲ್ಲಿ ಜನರಲ್ ಮೋಟಾರ್ಸ್ ಷೋರೂಮಿಗೆ ಹೋಗುತ್ತಿತ್ತು. ಕೊರೊಲಾಗೆ ಜನ ಜಾಸ್ತಿ ದುಡ್ಡು ಕೊಟ್ಟರು. ಹಳೆಯದಾದ ಮೇಲೂ ಕೊರೊಲಾಗೇ ಜಾಸ್ತಿ ಬೆಲೆ. ಪ್ರಿಜ್ಮ್ ಕೊಂಡವರು ಕೊರೊಲಾವನ್ನೇ ಕಡಿಮೆ ದುಡ್ಡಿಗೆ ಕೊಂಡಿದ್ದರು ಅಷ್ಟೇ.

ಇಷ್ಟು ಕೇಳಿದರೆ ಕಾರಿನ ಹೆಸರೆಲ್ಲ ಬರೀ ಬೂಟಾಟಿಕೆ ಅನ್ನಿಸಬಹುದು. ಆದರೆ ಅದೇ ಫ್ರೀಮಾಂಟ್ ಇನ್ನೊಂದು ಮಾತನ್ನೂ ಹೇಳುತ್ತದೆ. ಟೊಯೊಟಾ ಬರುವ ಮೊದಲು ಅದು ಜನರಲ್ ಮೋಟಾರ್ಸ್‌ನ ಅತಿ ಕೆಟ್ಟ ಕಾರ್ಖಾನೆಗಳಲ್ಲಿ ಒಂದು ಅನ್ನಿಸಿಕೊಂಡಿತ್ತು. ಕೆಲಸಕ್ಕೆ ಚಕ್ಕರ್, ಜಗಳ, ಅರ್ಧಂಬರ್ಧ ಜೋಡಿಸಿದ ಕಾರು. 1982ರಲ್ಲಿ ಬೀಗ ಹಾಕಿದ್ದರು. ಟೊಯೊಟಾ ಬಂದ ಮೇಲೆ ಕೆಲಸಕ್ಕೆ ತಗೊಂಡಿದ್ದು ಬಹುಪಾಲು ಅದೇ ಹಳೆಯ ಕೆಲಸಗಾರರನ್ನು. ಬದಲಾಗಿದ್ದು ಕೆಲಸದ ರೀತಿ. ಕಾರು ಜೋಡಿಸುವ ಲೈನಿನ ಮೇಲೆ ಒಂದು ಹಗ್ಗ ಇರುತ್ತದೆ, ಅದಕ್ಕೆ ಅಂಡೋನ್ ಹಗ್ಗ ಅನ್ನುತ್ತಾರೆ. ಎಲ್ಲಾದರೂ ತಪ್ಪು ಕಂಡರೆ ಯಾವ ಕೆಲಸಗಾರ ಬೇಕಾದರೂ ಆ ಹಗ್ಗ ಎಳೆಯಬಹುದು. ಅಲ್ಲೇ ಸರಿಹೋಗದಿದ್ದರೆ ಇಡೀ ಲೈನ್ ನಿಲ್ಲುತ್ತದೆ. ತಪ್ಪು ಮುಂದಕ್ಕೆ ಹೋಗಬಾರದು, ಅಷ್ಟೇ ಲೆಕ್ಕ. ಹಿಂದೆ ಅಲ್ಲಿ ಲೈನ್ ನಿಲ್ಲಿಸುವುದೇ ಮಹಾಪಾಪವಾಗಿತ್ತು. ಸ್ವಲ್ಪ ಕಾಲದಲ್ಲೇ ಆ ಕಾರ್ಖಾನೆಯ ಕಾರುಗಳು ಜಪಾನಿನ ಮಟ್ಟಕ್ಕೆ ಬಂದವು.

ಅಂದರೆ ಟೊಯೊಟಾ ಹೆಸರಿನ ಹಿಂದೆ ಗಟ್ಟಿ ವಿಷಯ ಇದೆ. ಆ ಹೆಸರು ಯಾವ ಕಾರಿಗೆ ಬಂತು, ಈಗ ಯಾವ ಕಾರಿನ ಮೇಲೆ ಕೂತಿದೆ ಅನ್ನುವುದು ನನ್ನ ತಕರಾರು.

ಬೆಂಗಳೂರಿನಲ್ಲಿ ಆ ಹೆಸರು ತಂದುಕೊಟ್ಟಿದ್ದು ಕ್ವಾಲಿಸ್. 2000ದ ಶುರುವಿನಲ್ಲಿ ಅದು ಬಂದಾಗ ನೋಡಿದವರೆಲ್ಲ ನಕ್ಕಿದ್ದರು. ಇಂಡೋನೇಷ್ಯಾದ ಹಳೆಯ ಕಿಜಾಂಗ್ ಗಾಡಿಯ ಬಾಡಿ, ಆಕಾರ ಬ್ರೆಡ್ಡಿನ ಡಬ್ಬಿಯ ಹಾಗೆ. ಆದರೆ ಅದು ಬಂದ ಸಮಯ ನೋಡಿ. ಕಾಲ್ ಸೆಂಟರ್‌ಗಳು ಶುರುವಾದ ಕಾಲ. ರಾತ್ರಿಯಿಡೀ ಹುಡುಗ ಹುಡುಗಿಯರನ್ನು ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ ಸಾಗಿಸಬೇಕು. ಹಗಲು ಅದೇ ಗಾಡಿ ಧರ್ಮಸ್ಥಳಕ್ಕೋ ತಿರುಪತಿಗೋ ಟ್ರಿಪ್. ಎಂಜಿನ್ ತಣ್ಣಗಾಗಲು ಪುರುಸೊತ್ತೇ ಇಲ್ಲ. ಆ ಗಾಡಿಗಳು ಲಕ್ಷಗಟ್ಟಲೆ ಕಿಲೋಮೀಟರ್ ಓಡಿದವು. ಡ್ರೈವರ್‌ಗಳು ಕಂಡ ಹಾಗೆ ಓಡಿಸಿದರು. ಓವರ್‌ಟೇಕ್ ಮಾಡುವಾಗ ದೇವರನ್ನು ನೆನೆಯುತ್ತಿದ್ದದ್ದು ಒಳಗೆ ಕೂತವರು, ಗಾಡಿಯಲ್ಲ.

ಅಷ್ಟು ಬಾಳಿಕೆ ಹೇಗೆ ಬಂತು? ದೊಡ್ಡ ರಹಸ್ಯವೇನಿಲ್ಲ. 2.4 ಲೀಟರ್‌ನ ದೊಡ್ಡ ಡೀಸೆಲ್ ಎಂಜಿನ್, ಶಕ್ತಿ ಮಾತ್ರ 75 ಎಚ್‌ಪಿ ಆಸುಪಾಸು. ಅಂದರೆ ಆ ಎಂಜಿನ್ ಯಾವತ್ತೂ ಏದುಸಿರು ಬಿಡುತ್ತಿರಲಿಲ್ಲ. ಇವತ್ತಿನ 1.5 ಲೀಟರ್ ಡೀಸೆಲ್‌ನಿಂದ 115 ಎಚ್‌ಪಿ ಹಿಂಡುತ್ತಾರೆ. ಟರ್ಬೊ, ಸೆನ್ಸರ್, ಜಾಸ್ತಿ ಒತ್ತಡದ ಇಂಜೆಕ್ಟರ್ ಎಲ್ಲ ಬೇಕು. ಕಾರು ಚುರುಕಾಗಿ ಓಡುತ್ತದೆ, ಹೊಗೆ ಕಡಿಮೆ. ಆದರೆ ಕೆಡುವ ಭಾಗಗಳೂ ಜಾಸ್ತಿ. ಕ್ವಾಲಿಸ್‌ನಲ್ಲಿ ಕೆಡಲು ಏನಿತ್ತು ಹೇಳಿ? 2005ರಲ್ಲಿ ಚೆನ್ನಾಗಿ ಮಾರಾಟ ಆಗುತ್ತಿದ್ದಾಗಲೇ ಅದನ್ನು ನಿಲ್ಲಿಸಿ ಇನ್ನೋವಾ ತಂದರು. ಇನ್ನೋವಾ ಆ ಮರ್ಯಾದೆಯನ್ನು ಉಳಿಸಿಕೊಂಡಿತು. ಈಗ ಗ್ಲಾಂಜಾ ಬೆನ್ನ ಮೇಲಿರುವುದು ಈ ಎರಡು ಗಾಡಿಗಳು ದುಡಿದಿಟ್ಟ ಹೆಸರು. ಗ್ಲಾಂಜಾ ಕೆಟ್ಟ ಕಾರು ಅಂತ ಹೇಳುತ್ತಿಲ್ಲ, ಒಳ್ಳೆಯ ಕಾರೇ. ಒಳ್ಳೆಯ ಸುಜುಕಿ.

ಟೊಯೊಟಾ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಎಟಿಯೋಸ್. 2010ರ ಕೊನೆಯಲ್ಲಿ ಬಂತು. ಬಿಡದಿಯಲ್ಲೇ ತಯಾರಾಯಿತು, ಭಾರತಕ್ಕೆಂದೇ ಮಾಡಿದ ಕಾರು. ಸೊಂಟ ಬಗ್ಗಿಸದೆ ಕೂತುಕೊಳ್ಳಬಹುದು, ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಧಾರಾಳ ಜಾಗ, ಡಿಕ್ಕಿಯಲ್ಲಿ ನಾಲ್ಕು ಸೂಟ್‌ಕೇಸ್. ಆದರೆ ಷೋರೂಮಿಗೆ ಬಂದವರು ಬಾಗಿಲು ಹಾಕಿ ನೋಡಿದರು, ಸದ್ದು ತೆಳ್ಳಗೆ ಕೇಳಿಸಿತು. ಡ್ಯಾಷ್‌ಬೋರ್ಡ್ ಪ್ಲಾಸ್ಟಿಕ್ ಮುಟ್ಟಿ ಮೂಗು ಮುರಿದರು. ಸ್ಪೀಡೋಮೀಟರ್ ಸ್ಟಿಯರಿಂಗ್ ಹಿಂದೆ ಇಲ್ಲದೆ ಮಧ್ಯದಲ್ಲಿದೆ ಅಂತ ನಕ್ಕರು. "ಇದು ಟೊಯೊಟಾನಾ?" ಅಂದರು. ಮನೆ ಬಳಕೆಗೆ ಕೊಳ್ಳುವವರು ಕೈಬಿಟ್ಟರು, ಟ್ಯಾಕ್ಸಿಯವರು ಎತ್ತಿಕೊಂಡರು. ದೇವನಹಳ್ಳಿ ಏರ್‌ಪೋರ್ಟಿನ ಸಾಲಿನಲ್ಲಿ ವರ್ಷಗಟ್ಟಲೆ ಎಲ್ಲಿ ನೋಡಿದರೂ ಎಟಿಯೋಸ್. 2020ರಲ್ಲಿ ಹೊಗೆಗೆ ಕಡಿವಾಣ ಹಾಕುವ ಬಿಎಸ್-6 ನಿಯಮ ಬರುವ ಹೊತ್ತಿಗೆ ಕಂಪನಿ ಅದನ್ನು ನಿಲ್ಲಿಸಿತು. ಇವತ್ತಿಗೂ ಯಾವ ಕ್ಯಾಬ್ ಡ್ರೈವರನ್ನಾದರೂ ಕೇಳಿ, "ಅಂಥ ಗಾಡಿ ಇನ್ನು ಬರಲ್ಲ ಸಾರ್" ಅನ್ನುತ್ತಾರೆ. ಒಬ್ಬರಂತೂ ಹೆಬ್ಬಾಳ ಫ್ಲೈಓವರಿನಿಂದ ಸದಹಳ್ಳಿ ಗೇಟ್ ತನಕ ಅದರ ಡೀಸೆಲ್ ಎಂಜಿನ್ನಿನ ಗುಣಗಾನ ಮಾಡಿದ್ದರು. ನಾನು ಕೂತಿದ್ದದ್ದು ಅವರ ಹೊಸ ಸಿಎನ್‌ಜಿ ಕಾರಿನಲ್ಲಿ.

ಆ ತೆಳ್ಳಗಿನ ಬಾಗಿಲಿನ ಕಾರಿಗೆ 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅನ್ನುವ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ 5ಕ್ಕೆ 4 ಸ್ಟಾರ್ ಬಂತು. ನಾವು ಬಾಗಿಲಿನ ಸದ್ದು ಕೇಳಿ ಕ್ವಾಲಿಟಿ ಅಳೆಯುತ್ತೇವೆ. ಆ ಸದ್ದನ್ನು ಬೇಕೆಂದೇ ಕೂರಿಸಿರುತ್ತಾರೆ. ಬಾಗಿಲಿನ ಒಳಗೆ ಸದ್ದು ಹೀರುವ ಹಾಳೆ ಅಂಟಿಸಿ, ರಬ್ಬರ್ ಬೀಡಿಂಗ್ ದಪ್ಪ ಮಾಡಿ, ಲಾಕ್ ತಿದ್ದಿದರೆ 'ಧಪ್' ಅನ್ನುವ ಗಂಭೀರ ಸದ್ದು ಬರುತ್ತದೆ. ಅಪಘಾತದಲ್ಲಿ ಕಾಪಾಡುವುದು ಒಳಗಿನ ಚೌಕಟ್ಟು, ಸೀಟ್ ಬೆಲ್ಟು, ಏರ್‌ಬ್ಯಾಗು. ಅವು ಷೋರೂಮಿನಲ್ಲಿ ಸದ್ದು ಮಾಡುವುದಿಲ್ಲ.

2014ರ ಜನವರಿಯಲ್ಲಿ ಇದೇ ಗ್ಲೋಬಲ್ ಎನ್‌ಕ್ಯಾಪ್ ಭಾರತದ ಐದು ಕಾರುಗಳನ್ನು ಗೋಡೆಗೆ ಗುದ್ದಿಸಿತ್ತು. ಆಲ್ಟೊ 800, ನ್ಯಾನೊ, ಫಿಗೊ, ಐ10, ಪೋಲೊ. ಐದಕ್ಕೂ ಸೊನ್ನೆ. ಪೋಲೊ ಬಗ್ಗೆ ಜನ ಕಂಗಾಲಾದರು, ಜರ್ಮನ್ ಕಾರಿಗೆ ಸೊನ್ನೆಯೇ ಅಂತ. ಅಲ್ಲಿ ಒಂದು ಸೂಕ್ಷ್ಮ ಇತ್ತು. ಪೋಲೊದ ಬಾಡಿ ಗಟ್ಟಿಯಾಗಿಯೇ ನಿಂತಿತ್ತು. ಆದರೆ ಪರೀಕ್ಷೆ ಮಾಡಿದ ಮಾದರಿಯಲ್ಲಿ ಏರ್‌ಬ್ಯಾಗ್ ಇರಲಿಲ್ಲ. ಎರಡು ಏರ್‌ಬ್ಯಾಗ್ ಹಾಕಿ ಮತ್ತೆ ಗುದ್ದಿಸಿದಾಗ 4 ಸ್ಟಾರ್ ಬಂತು. ಜರ್ಮನ್ ಕಾರು ಗಟ್ಟಿ ಅನ್ನುವ ಮಾತು ನಿಜವೇ ಆಗಿತ್ತು. ಆದರೆ ಅದೇ ಕಂಪನಿ ಇಲ್ಲಿ ಏರ್‌ಬ್ಯಾಗ್ ಇಲ್ಲದ ಮಾದರಿಯನ್ನು ಮಾರುತ್ತಿತ್ತು ಅನ್ನುವುದೂ ನಿಜ.

ಆಮೇಲೆ ಚಿತ್ರ ಬದಲಾಯಿತು. 2018ರ ಡಿಸೆಂಬರ್‌ನಲ್ಲಿ ಟಾಟಾ ನೆಕ್ಸಾನ್ 5 ಸ್ಟಾರ್ ತಗೊಂಡಿತು, ಆ ಪರೀಕ್ಷೆಯಲ್ಲಿ ಭಾರತದ ಕಾರೊಂದಕ್ಕೆ ಅದೇ ಮೊದಲು. ಟಾಟಾ ಅಂದರೆ ಟ್ಯಾಕ್ಸಿ ಇಂಡಿಕಾ ಅನ್ನುತ್ತಿದ್ದವರು ರಾತ್ರೋರಾತ್ರಿ ಟಾಟಾ ಅಂದರೆ ಸೇಫ್ಟಿ ಅನ್ನತೊಡಗಿದರು. ಮಾರುತಿಗೆ ತಗಡು ಅನ್ನುವ ಪಟ್ಟ ಇನ್ನೂ ಗಟ್ಟಿಯಾಯಿತು. 2023ರಲ್ಲಿ ವ್ಯಾಗನ್‌ ಆರ್‌ಗೆ 1 ಸ್ಟಾರ್, ಆಲ್ಟೊ ಕೆ10ಗೆ 2 ಸ್ಟಾರ್ ಬಂದಾಗ ಪಟ್ಟ ಸರಿಯೇ ಅನ್ನಿಸಿತು. ಮರುವರ್ಷ, 2024ರ ನವೆಂಬರ್‌ನಲ್ಲಿ, ಹೊಸ ಡಿಜೈರ್‌ಗೆ 5 ಸ್ಟಾರ್. ಈಗ ಮಾರುತಿ ತಗಡಾ, ಗಟ್ಟಿಯಾ? ಈ ಪ್ರಶ್ನೆಗೆ ಉತ್ತರ ಇಲ್ಲ. ವ್ಯಾಗನ್‌ ಆರ್ ಬಗ್ಗೆ ಕೇಳಿದರೆ ಒಂದು ಉತ್ತರ, ಡಿಜೈರ್ ಬಗ್ಗೆ ಕೇಳಿದರೆ ಇನ್ನೊಂದು. ಜನ ಮಾತ್ರ ಈಗಲೂ ಕಂಪನಿಯ ಹೆಸರು ಹಿಡಿದೇ ಕೇಳುತ್ತಾರೆ.

ನಮ್ಮ ಮೆಕ್ಯಾನಿಕ್‌ ಗ್ಯಾರೇಜ್ ವಿಲ್ಸನ್ ಗಾರ್ಡನ್‌ನಲ್ಲಿದೆ. ಕಂಪನಿಗಳ ಬಗ್ಗೆ ಅವರ ಅಭಿಪ್ರಾಯ ಯಾವ ಕಾರ್ ಮ್ಯಾಗಜೀನ್‌ನಲ್ಲೂ ಸಿಗುವುದಿಲ್ಲ. "ಸಾರ್, ಕೆಡದೇ ಇರೋ ಗಾಡಿ ಯಾವ್ದೂ ಇಲ್ಲ. ಕೆಟ್ಟಾಗ ಸಂಜೆ ಒಳಗೆ ಎದ್ದು ನಿಲ್ಲತ್ತಾ ಅದನ್ನ ಕೇಳಿ." ಅವರ ಪ್ರಕಾರ ಕಾರಿನ ಹೆಸರು ಹುಟ್ಟುವುದು ಜೆ.ಸಿ. ರಸ್ತೆಯಲ್ಲಿ. ಅಲ್ಲಿನ ಬಿಡಿಭಾಗದ ಅಂಗಡಿಗೆ ಹುಡುಗನನ್ನು ಟಿವಿಎಸ್ ಎಕ್ಸೆಲ್‌ನಲ್ಲಿ ಕಳಿಸಿದರೆ ಅರ್ಧ ಗಂಟೆಯಲ್ಲಿ ಮಾಲು ಕೈಯಲ್ಲಿ ಇರಬೇಕು. ಒರಿಜಿನಲ್ ಬೇಕಾದರೆ ಒರಿಜಿನಲ್, ಬೇರೆ ಕಂಪನಿಯದ್ದು ಬೇಕಾದರೆ ಅದು, ತೀರಾ ಕೈ ಕಟ್ಟಿದರೆ ಶಿವಾಜಿನಗರದ ಗುಜರಿಯಲ್ಲಿ ಹಳೆಯದು. ಮಾರುತಿಯ ಯಾವ ಭಾಗ ಕೇಳಿದರೂ ಸಿಗುತ್ತದೆ. 1983ರ ಡಿಸೆಂಬರ್‌ನಲ್ಲಿ ಮೊದಲ ಮಾರುತಿ 800 ರಸ್ತೆಗೆ ಇಳಿದ ಮೇಲೆ ನಾಲ್ಕು ದಶಕ ಮೆಕ್ಯಾನಿಕ್‌ಗಳು ಆ ಕಾರುಗಳನ್ನು ಬಿಚ್ಚಿ ಬಿಚ್ಚಿ ಕಲಿತಿದ್ದಾರೆ. ಹೊಸ ಹುಡುಗನೂ ಕಣ್ಣು ಮುಚ್ಚಿಕೊಂಡು ಅದರ ಕ್ಲಚ್ ಪ್ಲೇಟ್ ಬದಲಾಯಿಸುತ್ತಾನೆ. ಮಾರುತಿ ಕೆಡಲ್ಲ ಅನ್ನುವ ಮಾತಿನ ಅರ್ಧ ಸತ್ಯ ಇಲ್ಲಿದೆ. ಕೆಡುತ್ತದೆ, ಆದರೆ ಕೆಟ್ಟಿದ್ದು ಮನೆಯವರಿಗೆ ನೆನಪಿರುವಷ್ಟು ಹೊತ್ತು ಕೆಟ್ಟು ನಿಲ್ಲುವುದಿಲ್ಲ.

ಇದರ ಇನ್ನೊಂದು ತುದಿಯನ್ನೂ ನಾನು ನೋಡಿದ್ದೇನೆ. ಒಮ್ಮೆ ನನ್ನ ಬಳಿ ಇದ್ದ ಕಾರಿನ ಹೆಸರು ಹೇಳಿದರೆ ನೀವು "ಓಹೋ, ಅದು ಒಳ್ಳೆ ಕಂಪನಿ" ಅನ್ನುತ್ತೀರಿ, ಅದಕ್ಕೇ ಹೇಳುವುದಿಲ್ಲ. ಓಡಿಸಲು ಸುಖ. ಹೈವೇಯಲ್ಲಿ ರಸ್ತೆಗೆ ಅಂಟಿಕೊಂಡು ಹೋಗುತ್ತಿತ್ತು. ಒಂದು ಸಲ ಸ್ಟಿಯರಿಂಗ್‌ಗೆ ಸೇರಿದ ಚಿಕ್ಕ ಸೆನ್ಸರ್ ಹೋಯಿತು. ಸರ್ವಿಸ್ ಸೆಂಟರ್‌ನವರು ಮಾಲು ಹೊರದೇಶದಿಂದ ಬರಬೇಕು ಅಂದರು. ವಾರಗಟ್ಟಲೆ ಆಟೋದಲ್ಲಿ ಓಡಾಡಿದೆ. ಭಾಗ ಬಂದ ಮೇಲೆ ಅರ್ಧ ಗಂಟೆಯ ಕೆಲಸ. ಎಷ್ಟು ಭಾಗ ಕೆಟ್ಟವು ಅಂತ ಲೆಕ್ಕ ಹಾಕಿದರೆ ಆ ಕಾರು ಪಟ್ಟಿಯಲ್ಲಿ ಮೇಲೆಯೇ ಇರುತ್ತದೆ, ಕೆಟ್ಟಿದ್ದು ಒಂದೇ ಭಾಗ. ಎಷ್ಟು ದಿನ ಕಾರಿಲ್ಲದೆ ಕಳೆದೆ ಅಂತ ಲೆಕ್ಕ ಹಾಕಿದರೆ ಕೆಳಗೆ ಬೀಳುತ್ತದೆ.

ಲೆಕ್ಕದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಜೆ.ಡಿ. ಪವರ್ ಅನ್ನುವ ಅಮೆರಿಕದ ಸಂಸ್ಥೆ ಹೊಸ ಕಾರುಗಳ ಕ್ವಾಲಿಟಿ ಬಗ್ಗೆ ವರ್ಷ ವರ್ಷ ಪಟ್ಟಿ ಬಿಡುತ್ತದೆ. ಕೊಂಡ ಮೊದಲ 90 ದಿನದಲ್ಲಿ 100 ಕಾರಿಗೆ ಎಷ್ಟು ತೊಂದರೆ ಬಂತು ಅನ್ನುವುದು ಅದರ ಅಳತೆ. ಬ್ಲೂಟೂತ್ ಸೇರಲಿಲ್ಲ ಅನ್ನುವುದೂ ಒಂದು ತೊಂದರೆ, ಗೇರ್‌ಬಾಕ್ಸ್ ಕೈಕೊಟ್ಟಿತು ಅನ್ನುವುದೂ ಒಂದು ತೊಂದರೆ. 90 ದಿನಕ್ಕೆ ನಮ್ಮಲ್ಲಿ ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರುವುದಿಲ್ಲ!

ಫಿಯೆಟ್ ವಿಷಯ ಹೇಳದಿದ್ದರೆ ಈ ಬರಹಕ್ಕೆ ಅರ್ಥವೇ ಇಲ್ಲ. 1.3 ಲೀಟರ್ ಮಲ್ಟಿಜೆಟ್ ಅನ್ನುವ ಡೀಸೆಲ್ ಎಂಜಿನ್ ಫಿಯೆಟ್‌ನದ್ದು. ಅದನ್ನು ಲೈಸೆನ್ಸ್ ತಗೊಂಡು ಸುಜುಕಿ ಮಾನೇಸರದಲ್ಲಿ ತಯಾರಿಸಿತು, ಸ್ವಿಫ್ಟ್‌ಗೂ ಡಿಜೈರ್‌ಗೂ ಹಾಕಿತು. ಟಾಟಾ ಕೂಡ ವಿಸ್ತಾಗೆ ಹಾಕಿಕೊಂಡಿತು. ಇದನ್ನು ಭಾರತದ ರಾಷ್ಟ್ರೀಯ ಎಂಜಿನ್ ಅಂತ ತಮಾಷೆ ಮಾಡುತ್ತಿದ್ದರು. ಡಿಜೈರ್ ಡೀಸೆಲ್‌ಗೆ ತಿಂಗಳುಗಟ್ಟಲೆ ಕಾಯಬೇಕಿತ್ತು. "ಮಾರುತಿ ಡೀಸೆಲ್ ಎಂಜಿನ್ ಸೂಪರ್" ಅಂತ ಊರೆಲ್ಲ ಹೊಗಳಿತು. ಅದೇ ಎಂಜಿನ್ ಇದ್ದ ಫಿಯೆಟ್ ಪುಂಟೊ ಷೋರೂಮಿನಲ್ಲಿ ನೊಣ ಹೊಡೆಯುತ್ತಿತ್ತು. ಪುಂಟೊದ ಬಾಡಿ ಗಟ್ಟಿ, ಗುಂಡಿಯ ಮೇಲೆ ಹೋದರೂ ಕುಲುಕು ಕಡಿಮೆ. ಓಡಿಸಿದವರು ಇವತ್ತಿಗೂ ನೆನೆಸಿಕೊಳ್ಳುತ್ತಾರೆ. ಆದರೆ ಸರ್ವಿಸ್ ಚೆನ್ನಾಗಿಲ್ಲ, ಮಾರಲು ಹೋದರೆ ಬೆಲೆ ಬರಲ್ಲ ಅನ್ನುವ ಮಾತು ಹಬ್ಬಿತ್ತು. ಒಂದಷ್ಟು ವರ್ಷ ಫಿಯೆಟ್ ಕಾರು ಮಾರುತ್ತಿದ್ದದ್ದು ಟಾಟಾ ಷೋರೂಮಿನ ಒಂದು ಮೂಲೆಯಲ್ಲಿ. ನಮ್ಮ ಅಪ್ಪನ ಕಾಲದಲ್ಲಿ ಫಿಯೆಟ್ ಇಟ್ಟುಕೊಂಡವರು ಡಾಕ್ಟರೋ ವಕೀಲರೋ ಆಗಿರುತ್ತಿದ್ದರು. ಅಂಥ ಹೆಸರು ಮೂಲೆ ಸೇರಿತು. ಎಂಜಿನ್ ಮಾತ್ರ ಬೇರೆಯವರ ಬಾನೆಟ್ ಕೆಳಗೆ ಕೂತು 2020ರ ತನಕ ಹೊಗಳಿಸಿಕೊಂಡಿತು.

ಹೊರಗಿನಿಂದ ಬರುವ ಭಾಗಗಳ ಕಥೆ ಇನ್ನೂ ಉದ್ದ. ಆಡುಗೋಡಿಯ ಮೈಕೋ ನಮ್ಮೂರಿನವರಿಗೆ ಹೊಸದಲ್ಲ. 1951ರಲ್ಲಿ ಶುರುವಾದ ಕಂಪನಿ, ಈಗ ಬಾಷ್. ಡೀಸೆಲ್ ಪಂಪು, ಇಂಜೆಕ್ಟರು, ಸ್ಪಾರ್ಕ್ ಪ್ಲಗ್ಗು ಮಾಡಿಯೇ ಹೆಸರಾದವರು. ಒಂದಕ್ಕೊಂದು ಆಗದ ಕಂಪನಿಗಳ ಕಾರಿನಲ್ಲೂ ಇಂಜೆಕ್ಟರ್ ಬಿಚ್ಚಿದರೆ ಬಾಷ್ ಹೆಸರು ಕಾಣುತ್ತದೆ. ನಮ್ಮ ಕಾರು, ನಿಮ್ಮ ಕಾರು ಅಂತ ಜಗಳ ಆಡುವವರಿಗೆ ಇದನ್ನು ಹೇಳಿದರೆ ಸಿಟ್ಟು ಬರುತ್ತದೆ.

ಮರುಮಾರಾಟದ ಬೆಲೆ ಅನ್ನುವುದು ಇನ್ನೊಂದು ಚಕ್ರ. ಇನ್ನೋವಾ ಇಟ್ಟುಕೊಂಡವರಿಗೆ ನಾಳೆ ಒಳ್ಳೆ ಬೆಲೆ ಬರುತ್ತದೆ ಅಂತ ಗೊತ್ತು. ಅದಕ್ಕೇ ಸಮಯಕ್ಕೆ ಸರಿಯಾಗಿ ಆಯಿಲ್ ಬದಲಾಯಿಸುತ್ತಾರೆ, ಸರ್ವಿಸ್ ಬಿಲ್ಲುಗಳನ್ನು ಜೋಪಾನವಾಗಿ ಫೈಲ್ ಮಾಡುತ್ತಾರೆ. ಕಾರು ಬಾಳುತ್ತದೆ. ನೋಡಿದವರು ಇನ್ನೋವಾ ನೋಡಿ ಹೇಗೆ ಬಾಳುತ್ತದೆ ಅನ್ನುತ್ತಾರೆ. ಬೆಲೆ ಬಾರದ ಕಾರಿನವರು, ಹೇಗೂ ಕೈಗೆ ಏನೂ ಬರಲ್ಲ, ಯಾಕೆ ದುಡ್ಡು ಸುರಿಯಲಿ ಅಂತ ಬುಷ್, ಲಿಂಕ್ ರಾಡ್ ಬದಲಾಯಿಸುವುದನ್ನು ಮುಂದಕ್ಕೆ ಹಾಕುತ್ತಾರೆ. ಕಾರು ಗಡಗಡ ಅನ್ನತೊಡಗುತ್ತದೆ. ಎರಡನೇ ಮಾಲೀಕನಿಗೆ ಸಿಗುವುದು ಅಂಥ ಕಾರು. ಅವನು ಹತ್ತು ಜನಕ್ಕೆ ಹೇಳುತ್ತಾನೆ. ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುತ್ತೇವೆ ಅಂದಾಗ ಇದನ್ನು ಕಣ್ಣಾರೆ ನೋಡಿದೆವಲ್ಲ. ನಿನ್ನೆ ತನಕ ಚೆನ್ನಾಗಿದ್ದ ಇಕೋಸ್ಪೋರ್ಟ್‌ನ ಒಂದು ನಟ್ಟೂ ಬದಲಾಗಿರಲಿಲ್ಲ, ಮಾರಲು ಹೊರಟವರಿಗೆ ದಲ್ಲಾಳಿಗಳು ಹೇಳುವ ಬೆಲೆ ಮಾತ್ರ ಬೇರೆಯಾಯಿತು.

ಇನ್ನು ನಮ್ಮ ಟ್ರಾಫಿಕ್. ಕಾರಿನ ಹೆಸರು ಜರ್ಮನಿಯಲ್ಲೋ ಜಪಾನಿನಲ್ಲೋ ಹುಟ್ಟಿರುತ್ತದೆ, ನಾವು ಅದನ್ನು ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ತಂದು ನಿಲ್ಲಿಸುತ್ತೇವೆ. ಟಾಮ್‌ಟಾಮ್ ಕಂಪನಿಯ 2023ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 28 ನಿಮಿಷ 10 ಸೆಕೆಂಡ್ ಬೇಕು. ಈ ವೇಗದಲ್ಲಿ 10,000 ಕಿಲೋಮೀಟರ್ ಓಡಿಸಿದರೆ ಎಂಜಿನ್ ಸುಮಾರು 470 ಗಂಟೆ ದುಡಿದಿರುತ್ತದೆ. ಹಾಸನ, ಮಂಗಳೂರು ಕಡೆ ಗಂಟೆಗೆ 60ರಲ್ಲಿ ಓಡಿಸಿದವರ ಎಂಜಿನ್ ಅಷ್ಟೇ ದೂರಕ್ಕೆ 167 ಗಂಟೆ. ಓಡೋಮೀಟರ್‌ನಲ್ಲಿ ಎರಡೂ ಒಂದೇ. ಆಯಿಲ್‌ಗೆ, ಕ್ಲಚ್‌ಗೆ, ಎಸಿ ಕಂಪ್ರೆಸರ್‌ಗೆ ಒಂದೇ ಅಲ್ಲ. ಸೆಕೆಂಡ್ ಹ್ಯಾಂಡ್ ಕಾರು ನೋಡುವಾಗ "ಸಿಟಿ ಒಳಗೇ ಓಡಿಸಿದ್ದು, ಕಮ್ಮಿ ಕಿಲೋಮೀಟರ್" ಅಂತ ದಲ್ಲಾಳಿ ಹೆಮ್ಮೆಯಿಂದ ಹೇಳಿದರೆ ನನಗೆ ನಗು ಬರುತ್ತದೆ.

ಫೋಕ್ಸ್‌ವ್ಯಾಗನ್ ಗುಂಪಿನ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ ಅನ್ನುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಖಾಲಿ ರಸ್ತೆಯಲ್ಲಿ ಗೇರ್ ಬಿದ್ದಿದ್ದೇ ಗೊತ್ತಾಗುವುದಿಲ್ಲ, ಅಷ್ಟು ನಯ. ಆದರೆ ಡ್ರೈ ಕ್ಲಚ್‌ಗೆ ತಂಪು ಮಾಡುವ ಎಣ್ಣೆ ಇರುವುದಿಲ್ಲ. ಇಂಚಿಂಚು ಸರಿಯುವ ಸಾಲಿನಲ್ಲಿ ಬಿಸಿಯಾಗುತ್ತದೆ. ಚೀನಾದಲ್ಲಿ 2013ರಲ್ಲಿ ಡಿಎಸ್‌ಜಿ ತೊಂದರೆಗೆ 3.84 ಲಕ್ಷ ಕಾರುಗಳನ್ನು ವಾಪಸ್ ಕರೆಸಿದರು. ಅದೇ ವರ್ಷ ಬೇರೆ ದೇಶಗಳಲ್ಲೂ ಆ ಗೇರ್‌ಬಾಕ್ಸಿನ ಸಿಂಥೆಟಿಕ್ ಆಯಿಲ್ ತೆಗೆದು ಮಿನರಲ್ ಆಯಿಲ್ ಹಾಕಿದರು. ಬಿಸಿ, ತೇವದ ಊರುಗಳಲ್ಲಿ ನಿಂತು ನಿಂತು ಓಡುವ ಕಾರುಗಳಿಗೆ ಮೊದಲಿನ ಆಯಿಲ್ ಆಗಿಬರುತ್ತಿರಲಿಲ್ಲ. ಬಿಎಸ್-6 ಡೀಸೆಲ್‌ಗಳ ಡಿಪಿಎಫ್ ಅನ್ನುವ ಮಸಿ ಫಿಲ್ಟರ್ ಕೂಡ ಇದೇ ಜಾತಿ. ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದರೆ ಬಿಸಿಗೆ ಮಸಿ ಸುಟ್ಟುಹೋಗುತ್ತದೆ. ನಮ್ಮೂರಲ್ಲಿ ಒಂದೇ ವೇಗ ಎಲ್ಲಿಂದ ಬರಬೇಕು? ಕೆಲವರು ಭಾನುವಾರ ಬೆಳಗ್ಗೆ ಡಿಪಿಎಫ್ ಸ್ವಚ್ಛ ಮಾಡಲೆಂದೇ ನೈಸ್ ರಸ್ತೆಗೆ ಟೋಲ್ ಕಟ್ಟಿ ಒಂದು ಸುತ್ತು ಹೋಗಿಬರುತ್ತಾರೆ. ಅದರಲ್ಲಿ ಯಾವ ಕಂಪನಿಯ ತಪ್ಪೂ ಇಲ್ಲ. ಜೆ.ಪಿ. ನಗರದಿಂದ ಜಯನಗರಕ್ಕೆ ಓಡಾಡುವವರಿಗೆ ಡೀಸೆಲ್ ಕಾರು ಬೇಕೇ ಇರಲಿಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು ಕಡೆ ನೀರಲ್ಲಿ ತೇಲಿದ ಕೋಟಿ ರೂಪಾಯಿಯ ಕಾರುಗಳನ್ನು ನೆನೆಸಿಕೊಳ್ಳಿ. ಸಿಲಿಂಡರ್ ಒಳಗೆ ನೀರು ಹೋದಾಗ ಸ್ಟಾರ್ಟ್ ಮಾಡಿದರೆ ಬೆಂಜ್ ಆದರೇನು, ಆಲ್ಟೊ ಆದರೇನು, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಟೊಯೊಟಾವನ್ನು ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. 2009–10ರಲ್ಲಿ ಆಕ್ಸಿಲರೇಟರ್ ತಾನಾಗಿಯೇ ಸಿಕ್ಕಿಕೊಳ್ಳುವ ದೂರಿನ ಮೇಲೆ ಲಕ್ಷಾಂತರ ಕಾರುಗಳನ್ನು ವಾಪಸ್ ಕರೆಸಿದರು. ಕಂಪನಿಯ ಮುಖ್ಯಸ್ಥ ಅಕಿಯೊ ಟೊಯೊಡಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತು ಕ್ಷಮೆ ಕೇಳಿದರು. ತೊಂದರೆಯ ವಿಷಯ ಮುಚ್ಚಿಟ್ಟಿದ್ದಕ್ಕೆ 2014ರಲ್ಲಿ 120 ಕೋಟಿ ಡಾಲರ್ ಕಟ್ಟಬೇಕಾಯಿತು. 2023ರಲ್ಲಿ ಅದರದ್ದೇ ಡೈಹಾಟ್ಸು ಕಂಪನಿ ಸುರಕ್ಷತಾ ಪರೀಕ್ಷೆಗಳಲ್ಲಿ ಮೋಸ ಮಾಡಿದ್ದು ಹೊರಬಿತ್ತು. 2024ರ ಜನವರಿಯಲ್ಲಿ ಕೆಲವು ಡೀಸೆಲ್ ಎಂಜಿನ್‌ಗಳ ಶಕ್ತಿ ಪರೀಕ್ಷೆಯಲ್ಲಿ ಏರುಪೇರು ಸಿಕ್ಕಿತು. ಆಗ ನಮ್ಮ ಬಿಡದಿಯಿಂದಲೂ ಇನ್ನೋವಾ ಕ್ರಿಸ್ಟಾ, ಫಾರ್ಚುನರ್, ಹೈಲಕ್ಸ್ ಕಳಿಸುವುದನ್ನು ಕೆಲವು ದಿನ ನಿಲ್ಲಿಸಿದ್ದರು. ಆದರೂ ಊರಲ್ಲಿ ಯಾರೂ ಕ್ರಿಸ್ಟಾ ಬಗ್ಗೆ ಅನುಮಾನ ಪಟ್ಟಿದ್ದನ್ನು ನಾನು ಕೇಳಲಿಲ್ಲ. ಕ್ರಿಸ್ಟಾ ಹಾಗೇ ಓಡುತ್ತಿತ್ತು, ಜನ ನೋಡುವುದು ಅದನ್ನೇ. ಕಾರು ಬಾಳುತ್ತದೆ ಅನ್ನುವುದಕ್ಕೂ ಕಂಪನಿ ನೇರವಾಗಿದೆ ಅನ್ನುವುದಕ್ಕೂ ಸಂಬಂಧ ಕಡಿಮೆ.

ಕೆಟ್ಟ ಹೆಸರೂ ಹೀಗೇ ತಡವಾಗಿ ಕರಗುತ್ತದೆ. ಹುಂಡೈ 1986ರಲ್ಲಿ ಅಮೆರಿಕಕ್ಕೆ ಎಕ್ಸೆಲ್ ಅನ್ನುವ ಅಗ್ಗದ ಕಾರು ತಗೊಂಡು ಹೋಗಿತ್ತು. ಅದು ಕೆಟ್ಟು ಕೆಟ್ಟು, ಟಿವಿ ಹಾಸ್ಯಗಾರರಿಗೆ ವರ್ಷಗಟ್ಟಲೆ ಜೋಕ್ ಆಯಿತು. ಕಾರು ಸುಧಾರಿಸಿದ ಮೇಲೂ ಜೋಕ್ ನಿಲ್ಲಲಿಲ್ಲ. ಕೊನೆಗೆ 1999ರ ಮಾದರಿಗಳಿಗೆ ಎಂಜಿನ್, ಗೇರ್‌ಬಾಕ್ಸ್ ಮೇಲೆ 10 ವರ್ಷದ ವಾರಂಟಿ ಕೊಟ್ಟು ಜನರ ಬಾಯಿ ಮುಚ್ಚಿಸಬೇಕಾಯಿತು. ಅದೇ ಹೊತ್ತಿಗೆ ಇಲ್ಲಿ ಸ್ಯಾಂಟ್ರೊ ಬಂದಿತ್ತು. ಎಕ್ಸೆಲ್ ಜೋಕ್ ಇಲ್ಲಿ ಯಾರೂ ಕೇಳಿರಲಿಲ್ಲ, ಹಾಗಾಗಿ ಹುಂಡೈಗೆ ಇಲ್ಲಿ ಮೊದಲ ದಿನದಿಂದಲೇ ಮರ್ಯಾದೆ.

ಈಗ ಯಾರಾದರೂ ಯಾವ ಕಂಪನಿ ಒಳ್ಳೆಯದು ಅಂತ ಕೇಳಿದರೆ ನಾನು ದಿನಾ ಎಲ್ಲಿಂದ ಎಲ್ಲಿಗೆ ಓಡಾಡುತ್ತೀರಿ, ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಅಂತ ತಿರುಗಿ ಕೇಳುತ್ತೇನೆ. ಆಮೇಲೆ ಎಂಜಿನ್ ಯಾವುದು, ಅದು ಬಂದು ಎಷ್ಟು ವರ್ಷ ಆಯಿತು, ಗೇರ್‌ಬಾಕ್ಸ್ ಯಾವ ಥರದ್ದು ಅನ್ನುವುದನ್ನು ನೋಡಲು ಹೇಳುತ್ತೇನೆ. ಅಷ್ಟು ಹೊತ್ತಿಗೆ ಕೇಳಿದವರಿಗೆ ಬೇಜಾರಾಗಿರುತ್ತದೆ.

ಬೇಜಾರಾಗದೆ ಪೂರ್ತಿ ಕೇಳಿದ್ದು ನಮ್ಮ ಭಾವ ಒಬ್ಬರೇ. ಕೆಂಗೇರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ನೈಸ್ ರಸ್ತೆಯಲ್ಲಿ ಓಡಾಟ, ಕಡಿಮೆ ಬಜೆಟ್, ಅತ್ತೆಗೆ ಮಂಡಿ ನೋವು, ಹತ್ತಲು ಇಳಿಯಲು ಸುಲಭ ಇರಬೇಕು. ವೈಟ್ ಬೋರ್ಡ್ ಎಟಿಯೋಸ್ ಪೆಟ್ರೋಲ್, ಒಬ್ಬರೇ ಮಾಲೀಕರು ಓಡಿಸಿದ್ದು, ಹುಡುಕಿ ತಗೊಂಡರು. ಕಾರು ಅಚ್ಚುಕಟ್ಟಾಗಿದೆ. ತೊಂದರೆ ಒಂದೇ. ಏರ್‌ಪೋರ್ಟಿಗೆ ಯಾರನ್ನಾದರೂ ಕರೆತರಲು ಹೋದರೆ, ಮೆಜೆಸ್ಟಿಕ್ ಹತ್ತಿರ ನಿಂತರೆ, ಗೊತ್ತಿಲ್ಲದವರು ಹಿಂದಿನ ಬಾಗಿಲು ತೆಗೆದು ಬ್ಯಾಗ್ ಇಟ್ಟು ಕೂತುಬಿಡುತ್ತಾರೆ. ಭಾವ ಪಾಪ ಸಂಕೋಚದಿಂದ, ಇದು ಸ್ವಂತ ಕಾರು ಅಂತ ವಿವರಿಸುತ್ತಾರೆ. ಅಕ್ಕ ಮುಂದಿನ ಸೀಟಿನಿಂದ, "ಸುಮ್ನೆ ಓಟಿಪಿ ಕೇಳಿಬಿಡ್ರೀ, ಪೆಟ್ರೋಲ್ ದುಡ್ಡಾದ್ರೂ ಹುಟ್ಟತ್ತೆ" ಅನ್ನುತ್ತಾಳೆ.